ಇವರ ಬೆನ್ನುನೋವು

ಫೆಬ್ರವರಿ 11

ಇವರ ಬೆನ್ನುನೋವನ್ನು ನಾನು ನಂಬುವುದಿಲ್ಲ. ಬಾಯಿಬಿಟ್ಟು ಯಾರಿಗೂ ಹೇಳುವ ಹಾಗಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾಳೆ ಏನಾದರೂ ಆದರೆ, ನನಗೆ ಮೊದಲೇ ಅನುಮಾನ ಬಂದಿತ್ತು ಎನ್ನುವುದಕ್ಕೆ ಒಂದು ಗುರುತು ಇರಲಿ.

ಬೆನ್ನು ಹಿಡಿದುಕೊಂಡವರು ಹೇಗಿರುತ್ತಾರೆಂದು ನನಗೆ ಗೊತ್ತು. ಅಪ್ಪನಿಗೆ ಒಮ್ಮೆ ಹಿಡಿದುಕೊಂಡಾಗ ಮಗ್ಗುಲು ಬದಲಿಸುವುದಕ್ಕೂ ಮನೆಮಂದಿಯನ್ನೆಲ್ಲ ಕೂಗುತ್ತಿದ್ದರು. ಇವರದು ಹಾಗಲ್ಲ. ನಾನು ಕೋಣೆಗೆ ಕಾಲಿಟ್ಟರೆ ನರಳುತ್ತಾರೆ, ಆಚೆ ಹೋದರೆ ನರಳಿಕೆ ನಿಲ್ಲುತ್ತದೆ. ಇವತ್ತು ಬಾಗಿಲ ಸಂದಿಯಿಂದ ಇಣುಕಿದೆ. ಟೀವಿಯ ರಿಮೋಟ್ ಮಂಚದಿಂದ ಕೆಳಗೆ ಬಿತ್ತು. ಸಲೀಸಾಗಿ ಬಗ್ಗಿ, ಅತ್ತಿತ್ತ ತಡಕಾಡಿ, ಎತ್ತಿಕೊಂಡರು. ಅಮ್ಮಾ ಇಲ್ಲ, ಅಪ್ಪಾ ಇಲ್ಲ.

ಮದುವೆಯಾದಾಗಿನಿಂದ ಇವರದು ಒಂದೇ ಕೆಲಸ. ಬೆಟ್ಟದ ಮೇಲಿನ ರೆಸಾರ್ಟಿನಿಂದ ನಗರದ ಏರ್‌ಪೋರ್ಟಿಗೆ ಅತಿಥಿಗಳನ್ನು ಇಳಿಸುವುದು, ಅಲ್ಲಿಂದ ಹತ್ತಿಸಿಕೊಂಡು ಬರುವುದು. ಗಾಡಿ ಒಂದೇ, ಮಾಲೀಕರೂ ಇವರೇ, ಡ್ರೈವರೂ ಇವರೇ. ರೆಸಾರ್ಟಿನ ಕೌಂಟರಿನಿಂದ ಬರುವ ಫೋನು ತೆಗೆದುಕೊಂಡು, ಯಾರು, ಎಷ್ಟು ಜನ, ಎಷ್ಟು ಪೆಟ್ಟಿಗೆ ಎಂದು ಗೊತ್ತುಮಾಡಿ ಹೇಳುವುದು ನನ್ನ ಪಾಲು. ಮೈ ಸುಡುವ ಜ್ವರದಲ್ಲೂ ಇವರು ಸ್ಟಿಯರಿಂಗ್ ಬೇರೆಯವರ ಕೈಗೆ ಕೊಟ್ಟವರಲ್ಲ. ಈಗ ಇದ್ದಕ್ಕಿದ್ದಂತೆ ಯಾರೋ ಒಬ್ಬನನ್ನು ಕರೆಸಿ ಕೀ ಕೊಟ್ಟು ಮಲಗಿದ್ದಾರೆ. ಎಲ್ಲಿಂದ ಬಂದ, ಯಾರು ಹೇಳಿದರು ಎಂದು ಕೇಳಿದರೆ, "ಪರಿಚಯದವನು ಕಣೇ, ಒಳ್ಳೆಯವನು" ಅಷ್ಟೇ.

ಇವರ ಪರಿಚಯದವರೆಲ್ಲ ನನಗೂ ಪರಿಚಯ. ಇವನಲ್ಲ.

ಫೆಬ್ರವರಿ 14

ಹೊಸ ಡ್ರೈವರ್ ಮಾತೇ ಆಡುವುದಿಲ್ಲ. ನಲವತ್ತರ ಆಸುಪಾಸು. ಅಗಲ ಭುಜ, ಲಾರಿಯವರ ಕೈ. ಬೆಳಿಗ್ಗೆ ಬರುತ್ತಾನೆ, ಗಾಡಿ ಒರೆಸುತ್ತಾನೆ, ಟೀ ಕೊಟ್ಟರೆ ನಿಂತೇ ಕುಡಿದು ಲೋಟ ತೊಳೆದಿಡುತ್ತಾನೆ. ತೊಳೆದಿಡುವ ಗಂಡಸನ್ನು ನಂಬಬೇಕೋ ಬಾರದೋ ಗೊತ್ತಾಗಲಿಲ್ಲ. ನನಗೆ "ಮೇಡಂ" ಎನ್ನುತ್ತಾನೆ. ಇವರಿಗೆ ಮಾತ್ರ ಬಂದ ವಾರದಲ್ಲೇ "ಅಣ್ಣ". ಇಷ್ಟು ಬೇಗ ಅಣ್ಣ ಹೇಗಾದರು?

ಅವನಿಗೆ ಗುಮ್ಮನಗುಸುಕ ಎಂದು ಹೆಸರಿಟ್ಟಿದ್ದೇನೆ. ಬರೆಯುವಾಗ ಉದ್ದವಾಗುತ್ತದೆ, ಗುಮ್ಮ ಸಾಕು.

ಫೆಬ್ರವರಿ 22

ತಂಗಿ ನಗರದಿಂದ ಫೋನ್ ಮಾಡಿದ್ದಳು. ಎಲ್ಲ ಹೇಳಿದೆ.

"ಅಕ್ಕಾ, ಮೀಟರ್ ನೋಡ್ತಿದ್ದೀಯಾ? ಖಾಲಿ ವಾಪಸ್ ಬರೋವಾಗ ಇವರೆಲ್ಲ ಸ್ವಂತ ಬಾಡಿಗೆ ಹೊಡೀತಾರೆ."

"ನೋಡ್ತಿದ್ದೀನಿ ಕಣೇ. ಒಂದೊಂದು ದಿನ ಸರಿಯಾಗಿರುತ್ತೆ. ಒಂದೊಂದು ದಿನ ಜಾಸ್ತಿ ಓಡಿರುತ್ತೆ."

"ಹಾಗಾದ್ರೆ ಏನೋ ಇದೆ."

ಏನೋ ಇದೆ ಎಂದು ನನಗೂ ಗೊತ್ತು. ಆದರೂ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಒಂದು ತರಹ ಸಮಾಧಾನವಾಯಿತು.

ಮಾರ್ಚ್ 3

ಇಬ್ಬರೂ ಗುಸುಗುಸು ಮಾತಾಡುತ್ತಾರೆ. ಗುಮ್ಮ ನಗರದಿಂದ ಬಂದವನೇ "ಅಣ್ಣನ ನೋಡ್ಕೊಂಡು ಹೋಗ್ತೀನಿ" ಎಂದು ಕೋಣೆಗೆ ಹೋಗುತ್ತಾನೆ. ನಾನು ಟೀ ಹಿಡಿದು ಹೋದರೆ ಮಾತು ಕತ್ತರಿ ಹಾಕಿದ ಹಾಗೆ ನಿಲ್ಲುತ್ತದೆ. ಇವತ್ತು ಗುಮ್ಮ ಏನನ್ನೋ ಇವರ ಕೈಗೆ ಕೊಟ್ಟ. ಇವರು ಅದನ್ನು ದಿಂಬಿನಡಿ ತಳ್ಳಿದರು. ಆಮೇಲೆ ದಿಂಬೆತ್ತಿ ನೋಡಿದೆ. ಇರಲಿಲ್ಲ.

ಇವರ ಕಣ್ಣು ಆಗಾಗ ಕೆಂಪಗಿರುತ್ತದೆ. ಬಾಯಿಯ ಹತ್ತಿರ ಮೂಗು ತಂದು ನೋಡಿದೆ, ವಾಸನೆಯಿಲ್ಲ. ವಾಸನೆಯಿಲ್ಲದ್ದೂ ಸಿಗುತ್ತದಂತೆ, ತಂಗಿ ಹೇಳಿದಳು.

ಮಾರ್ಚ್ 5

ನಿರ್ಧಾರ ಮಾಡಿದೆ. ನಾನೂ ಗಾಡಿಯಲ್ಲಿ ಹೋಗುತ್ತೇನೆ. "ಹೆಂಗಸು ಜೊತೆಗಿದ್ರೆ ಅತಿಥಿಗಳಿಗೂ ಧೈರ್ಯ" ಎಂದೆ. ಇವರು ಛಾವಣಿ ನೋಡುತ್ತಾ "ಹೋಗು" ಎಂದರು. ತಕ್ಷಣ ಒಪ್ಪಿಬಿಟ್ಟರು! ಹಿಂದೆ ತಂಗಿಯ ಮನೆಗೆ ಹೋಗಬೇಕೆಂದರೂ ಮನೆಗೆ ಬೀಗ ಯಾರು ಹಾಕಬೇಕು, ಫೋನು ಯಾರು ತೆಗೆಯಬೇಕು ಎಂದು ಹತ್ತು ಸಬೂಬು ಹೇಳುತ್ತಿದ್ದವರು.

ಮಾರ್ಚ್ 9

ಮೊದಲ ಸಲ ಹೋದೆ. ಗಂಡ, ಹೆಂಡತಿ, ಅವರ ಮೂರು ದೊಡ್ಡ ಪೆಟ್ಟಿಗೆ. ಹೆಂಡತಿಗೆ ತಿರುವುಗಳಲ್ಲಿ ಹೊಟ್ಟೆ ತೊಳೆಸುತ್ತಿತ್ತು. ನನಗೂ ತೊಳೆಸುತ್ತಿತ್ತು, ಆದರೆ ನಾನು ಕಾವಲಿಗೆ ಬಂದವಳು, ಹಲ್ಲು ಕಚ್ಚಿ ಕೂತೆ. ಇಷ್ಟು ವರ್ಷ ಈ ದಾರಿಯ ಮೇಲೆಯೇ ಬದುಕಿದ್ದೇವೆ, ಮುಂದಿನ ಸೀಟಿನಲ್ಲಿ ಕೂತು ನೋಡಿದ್ದು ಕಡಿಮೆ. ಒಂದು ಬದಿ ಬಂಡೆ, ಇನ್ನೊಂದು ಬದಿ ಏನೂ ಇಲ್ಲ. ಬರೀ ಗಾಳಿ.

ಗುಮ್ಮ ಚೆನ್ನಾಗಿಯೇ ಓಡಿಸುತ್ತಾನೆ. ಅದೂ ಅನುಮಾನವೇ. ಇಷ್ಟು ಚೆನ್ನಾಗಿ ಓಡಿಸುವವನು ಇದ್ದ ಕೆಲಸ ಯಾಕೆ ಬಿಟ್ಟ? ಕೇಳಿದೆ.

"ಲಾರಿ ಓಡಿಸ್ತಿದ್ದೆ ಮೇಡಂ. ಬಿಡಿಸಿದ್ರು."

"ಯಾಕೆ?"

"ಲಾರಿ ಮೋರಿಗೆ ಇಳೀತು."

"ನೀವೇ ಇಳಿಸಿದ್ರಾ?"

"ಹೂಂ. ನಾನೇ ಇಳಿಸಿದ್ದು."

ಅದನ್ನು ಹೇಳುವಾಗ ಅವನ ಮುಖದಲ್ಲಿ ನಾಚಿಕೆಯೇ ಇರಲಿಲ್ಲ. ಬಂದು ಇವರಿಗೆ ಹೇಳಿದೆ: ಲಾರಿಯನ್ನು ಮೋರಿಗೆ ಬೀಳಿಸಿದವನ ಕೈಗೆ ಗಾಡಿ ಕೊಟ್ಟಿದ್ದೀರಿ! ಇವರು ಗೋಡೆಯ ಕಡೆ ತಿರುಗಿ ಮಲಗಿದರು. ಬೆನ್ನುನೋವಿದ್ದವರು ತಿರುಗುವ ವೇಗವೇ ಅದು?

ಮಾರ್ಚ್ 16

ನಾನು ಜೊತೆಗಿದ್ದ ದಿನ ಮೀಟರ್ ಸರಿಯಾಗಿರುತ್ತದೆ. ಇಲ್ಲದ ದಿನ ಹೆಚ್ಚು. ಇನ್ನೇನು ಬೇಕು?

ಮಾರ್ಚ್ 25

ಅವನ ಪಕ್ಕ ಕೂತರೆ ಅವನ ಮುಖದ ಒಂದೇ ಬದಿ ಕಾಣುತ್ತದೆ. ಹಾಗಾಗಿ ಒಂದು ಉಪಾಯ ಮಾಡಿದೆ. ಮದುವೆಗೆ ಮೊದಲು ಅಪ್ಪ ನನಗೆ ಕಾರು ಕಲಿಸಿ ಲೈಸೆನ್ಸ್ ಮಾಡಿಸಿದ್ದರು. ಇವರ ಮನೆಗೆ ಬಂದ ಮೇಲೆ ಅದು ಬೀರುವಿನಲ್ಲಿ ಸೀರೆಗಳ ಕೆಳಗೆ ಮಲಗಿತ್ತು. "ಬೆಟ್ಟದ ದಾರಿ ನಿನ್ನ ಕೆಲಸ ಅಲ್ಲ" ಎಂದು ಇವರು ಒಮ್ಮೆ ಹೇಳಿದ್ದರು, ಅಲ್ಲಿಗೆ ಮುಗಿದಿತ್ತು. ಇವತ್ತು ಖಾಲಿ ಬರುವಾಗ, ಬಯಲಿನ ನೇರ ರಸ್ತೆಯಲ್ಲಿ, "ಸ್ವಲ್ಪ ನಾನು ಓಡಿಸ್ತೀನಿ" ಎಂದೆ. ಗುಮ್ಮ ಬಾಯಿಬಿಡದೆ ಇಳಿದು ಈ ಕಡೆ ಬಂದ. ನಾನು ಕನ್ನಡಿ ತಿರುಗಿಸಿಕೊಂಡೆ, ಅವನ ಪೂರ್ತಿ ಮುಖ ಕಾಣುವ ಹಾಗೆ.

"ಮೇಡಂ, ಆ ಕನ್ನಡಿ ಹಿಂದಿನ ಗಾಡಿ ನೋಡೋಕೆ" ಎಂದ.

ಗಾಡಿಯಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು.

ಏಪ್ರಿಲ್ 6

ಬೆಟ್ಟದ ಬುಡದವರೆಗೆ ನಾನೇ ತಂದೆ. ವಿಚಾರಣೆಗೆ ಇದೇ ಒಳ್ಳೆಯ ಹೊತ್ತು. ಪಾಠ ಹೇಳುವಾಗ ಮನುಷ್ಯ ಮೈಮರೆಯುತ್ತಾನೆ. ಹೆಂಡತಿ ಇದ್ದಾಳೆ, ಹೊಲಿಗೆ ಮಾಡುತ್ತಾಳೆ. ಅವನ ಅಪ್ಪ ತೀರಿಕೊಂಡಿದ್ದಾರೆ, ಕೊನೆಗಾಲದಲ್ಲಿ ಅವರಿಗೆ ಏನೂ ಕಾಣುತ್ತಿರಲಿಲ್ಲವಂತೆ. ಇಷ್ಟೇ ಸಿಕ್ಕಿದ್ದು. ನಡುವೆ ಎರಡು ಸಲ ಗಾಡಿ ಆಫ್ ಮಾಡಿಬಿಟ್ಟೆ. ಹಿಂದಿನ ಬಸ್ಸಿನವನು ಬೈದ. ನಾನೂ ಬೈದೆ.

ಏಪ್ರಿಲ್ 19

ಮಂಜು. ಮೇಲಿನ ಏಳು ತಿರುವು ನಾನು. ಕೆಳಗೆ ಬರುವವನಿಗಿಂತ ಮೇಲೆ ಹತ್ತುವವನಿಗೆ ದಾರಿ ಮೊದಲು ಎನ್ನುವುದು ಇಲ್ಲಿ ಯಾರಿಗೂ ಗೊತ್ತಿಲ್ಲ. ಒಬ್ಬ ಜೀಪಿನವನನ್ನು ಹಿಂದಕ್ಕೆ ತೆಗೆಸಿದೆ. ಅನುಮಾನದ ವಿಷಯ ಇವತ್ತು ಏನೂ ಇಲ್ಲ. ನಾಳೆ ನೋಡೋಣ.

ಮೇ 2

ಬಾಡಿಗೆ ಗಾಡಿ ಓಡಿಸುವ ಲೈಸೆನ್ಸೂ ಮಾಡಿಸಿದೆ. ಗುಮ್ಮ ಒಂದು ದಿನ ಹೇಳದೆ ಕೇಳದೆ ಓಡಿಹೋದರೆ ಕೈಕಟ್ಟಿ ಕೂರಬಾರದಲ್ಲ. ಇವರಿಗೆ ತೋರಿಸಿದೆ. ಬೈಯುತ್ತಾರೆಂದುಕೊಂಡಿದ್ದೆ. ಕಾರ್ಡನ್ನು ಕಣ್ಣಿಗೆ ನೇರವಾಗಿ ಹಿಡಿದು ಬಹಳ ಹೊತ್ತು ನೋಡಿದರು.

"ಫೋಟೋ ಚೆನ್ನಾಗಿ ಬಂದಿದೆ" ಎಂದರು.

ಇಷ್ಟು ವರ್ಷದಲ್ಲಿ ಇವರು ನನ್ನ ಫೋಟೋ ಹೊಗಳಿದ್ದು ನೆನಪಿಲ್ಲ. ಏನೋ ಮುಚ್ಚಿಡುತ್ತಿದ್ದಾರೆ. ಖಂಡಿತ.

ಮೇ 20

ಸಿಕ್ಕಿಬಿದ್ದ!

ಬೆಳಿಗ್ಗೆ ಅತಿಥಿಗಳ ಜೊತೆ ನಾನೂ ಇಳಿದೆ. ತಂಗಿಯ ಮನೆಗೆ ಹೋಗುತ್ತೇನೆ, ಸಂಜೆ ಬಸ್ಸಿಗೆ ಬರುತ್ತೇನೆ ಎಂದು ಏರ್‌ಪೋರ್ಟಿನಲ್ಲೇ ಗುಮ್ಮನಿಗೆ ಹೇಳಿದೆ. ತಂಗಿ ಸ್ಕೂಟರ್ ತಂದು ಪಾರ್ಕಿಂಗಿನ ಹಿಂದೆ ಕಾಯುತ್ತಿದ್ದಳು. ನಮ್ಮ ಗಾಡಿ ಹೊರಟಿತು, ನಾವು ಬೆನ್ನು ಹತ್ತಿದೆವು. ಹೆಲ್ಮೆಟ್ಟಿನೊಳಗಿನಿಂದ ತಂಗಿ ಒಂದೇ ಸಮನೆ, "ಹೆಂಗಸಿನ ಮನೆಗೆ ಅಕ್ಕಾ, ನೋಡ್ತಿರು" ಎನ್ನುತ್ತಿದ್ದಳು.

ಹೆಂಗಸಿನ ಮನೆಗಲ್ಲ. ಬೆಟ್ಟದ ದಾರಿ ಬಿಟ್ಟು, ನಗರದ ಇನ್ನೊಂದು ತುದಿಗೆ ಹೋಗಿ, ಕಣ್ಣಿನ ಆಸ್ಪತ್ರೆಯ ಮುಂದೆ ನಿಲ್ಲಿಸಿದ. ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ ಸಣ್ಣದೊಂದು ಪೊಟ್ಟಣ ಹಿಡಿದು ಬಂದ. ಅಂಗಿಯ ಒಳಜೇಬಿಗೆ ಇಳಿಸಿದ. ಆ ಕಡೆ ಈ ಕಡೆ ನೋಡಿದ.

ತನ್ನ ಅಪ್ಪನಿಗೆ ಕೊನೆಗಾಲದಲ್ಲಿ ಏನೂ ಕಾಣುತ್ತಿರಲಿಲ್ಲ ಎಂದಿದ್ದನಲ್ಲ? ಅಪ್ಪನಿಗೆ ಬಂದದ್ದು ಮಗನಿಗೂ ಬಂದಿದೆ. ಲಾರಿ ಮೋರಿಗೆ ಇಳಿದದ್ದು ಅದಕ್ಕೇ. ಕಣ್ಣು ಕಾಣದವನು ನಮ್ಮ ಗಾಡಿಯಲ್ಲಿ ಜನರನ್ನು ಕೂರಿಸಿಕೊಂಡು ಆ ತಿರುವುಗಳಲ್ಲಿ ಇಳಿಯುತ್ತಿದ್ದಾನೆ!

ಮೇ 21

ಪರೀಕ್ಷೆ ಮಾಡಿದೆ. ಇವತ್ತು ಹತ್ತುವಾಗ ಅವನೇ ಓಡಿಸುತ್ತಿದ್ದ.

"ಆ ದೂರದ ಬೋರ್ಡಿನಲ್ಲಿ ಏನು ಬರೆದಿದೆ?"

"ತಿರುವು ಇದೆ, ನಿಧಾನವಾಗಿ ಚಲಿಸಿ."

"ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ?"

"ಬೋರ್ಡ್ ಹಾಕ್ಸಿದವ್ರ ಹೆಸ್ರು. ಯಾಕೆ ಮೇಡಂ?"

ಎಲ್ಲವನ್ನೂ ಓದಿದ. ಆದರೆ ದಿನಾ ಓಡಾಡುವ ದಾರಿ, ಬೋರ್ಡುಗಳು ಬಾಯಿಪಾಠ ಆಗಿರುವುದಿಲ್ಲವೇ? ಓದಿದ್ದಲ್ಲ, ಒಪ್ಪಿಸಿದ್ದು.

ನಾಡಿದ್ದು ವಯಸ್ಸಾದ ದಂಪತಿ ಇಳಿಯುವವರಿದ್ದಾರೆ. ನಾಳೆಯೇ ಇದನ್ನು ಮುಗಿಸಬೇಕು.

ಮೇ 22

ಕಳಿಸಿಬಿಟ್ಟೆ.

ಅಂಗಳದಲ್ಲೇ ನಿಲ್ಲಿಸಿ ಹೇಳಿದೆ: "ಕಣ್ಣಾಸ್ಪತ್ರೆಗೆ ಹೋಗೋದನ್ನ ನಾನೇ ನೋಡಿದ್ದೀನಿ. ನಮ್ಮನ್ನ ನಂಬಿ ಜನ ಕೂರ್ತಾರೆ. ಕೀ ಕೊಡಿ."

ಗುಮ್ಮ ಇವರ ಕೋಣೆಯ ಕಿಟಕಿಯ ಕಡೆ ನೋಡಿದ. "ಅಣ್ಣನ ಹತ್ರ ಒಂದ್ಮಾತು ಆಡ್ತೀನಿ."

"ಏನೂ ಬೇಕಾಗಿಲ್ಲ. ಅವರು ಮಲಗಿದ್ದಾರೆ."

ಕೀಯನ್ನು ನನ್ನ ಅಂಗೈಯಲ್ಲಿಟ್ಟ. ಗೇಟಿನವರೆಗೆ ಹೋದವನು ತಿರುಗಿ ಬಂದ. "ಅಕ್ಕಾ, ನನ್ನ ಏನಾದ್ರೂ ಅಂದ್ಕೊಳ್ಳಿ. ಅಣ್ಣನ ಕೈಗೆ ಮಾತ್ರ ಕೀ ಕೊಡ್ಬೇಡಿ."

ಎಷ್ಟು ಸೊಕ್ಕು! ನಮ್ಮ ಗಾಡಿಯ ಕೀಯನ್ನು ನಮ್ಮ ಮನೆಯ ಯಜಮಾನರಿಗೆ ಕೊಡಬಾರದಂತೆ. ಗಾಡಿ ತನ್ನದೇ ಎಂದುಕೊಂಡಿದ್ದ ಕಾಣುತ್ತದೆ. ಇವರಿಗೆ ತಿಳಿಸಿದೆ. ಬೈಯಲಿಲ್ಲ. "ಎಂಥ ಕೆಲಸ ಮಾಡ್ಬಿಟ್ಟೆ ನೀನು" ಎಂದು ಮೆತ್ತಗೆ ಅಂದರು. ಮುಖ ಬಿಳಿಚಿಕೊಂಡಿತ್ತು.

ಮೇ 23

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಇವರು ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು ನಿಂತಿದ್ದರು. "ಬೆನ್ನು ವಾಸಿ. ನಾನೇ ಹೋಗ್ತೀನಿ."

ನನಗೆ ಒಳಗೊಳಗೇ ಗೆದ್ದ ಹಿಗ್ಗು. ಗುಮ್ಮ ಹೋದ, ಬೆನ್ನುನೋವೂ ಹೋಯಿತು! ನಾನೇ ಓಡಿಸುತ್ತೇನೆ ಎಂದೆ. "ಖಾಲಿ ಗಾಡಿ ಬೇರೆ, ಜನ ಕೂತ ಗಾಡಿ ಬೇರೆ" ಎಂದರು. "ರೆಸಾರ್ಟಿನವರು ಹೆಂಡ್ತಿ ಯಾಕೆ ಓಡಿಸ್ತಿದ್ದಾಳೆ ಅಂತ ಕೇಳಿದ್ರೆ ಏನು ಹೇಳ್ಲಿ?" ಆಯಿತು, ಈ ನಾಟಕ ಎಲ್ಲಿಗೆ ಹೋಗಿ ನಿಲ್ಲುತ್ತದೋ ನೋಡೋಣ ಎಂದು ಕೀ ಕೊಟ್ಟು ಪಕ್ಕದಲ್ಲಿ ಕೂತೆ.

ರೆಸಾರ್ಟಿನ ಗೇಟು ದಾಟುವಾಗಲೇ ನನ್ನ ಕಡೆಯ ಕಂಬಕ್ಕೆ ಗಾಡಿ ಕರ್ರೆಂದು ತಾಗಿತು. "ಗೇಟ್ ಕಿರಿದು ಮಾಡಿದ್ದಾರೆ" ಎಂದರು. ಗೇಟು ಇದ್ದ ಹಾಗೇ ಇತ್ತು. ಹಿಂದೆ ಕೂತ ಅಜ್ಜ ಅಜ್ಜಿ ತಮ್ಮ ಮೊಮ್ಮಗಳ ಫೋಟೋ ನೋಡಿಕೊಂಡು ನಗುತ್ತಿದ್ದರು. ಇವರು ಎರಡೂ ಕೈಯಲ್ಲಿ ಸ್ಟಿಯರಿಂಗನ್ನು ಹಿಂಡುವ ಹಾಗೆ ಹಿಡಿದಿದ್ದರು. ಕುತ್ತಿಗೆ ಬೆವರುತ್ತಿತ್ತು. ತಲೆಯನ್ನು ಕೋಳಿಯ ಹಾಗೆ ಆ ಕಡೆ ಈ ಕಡೆ ಆಡಿಸುತ್ತಿದ್ದರು. ಗುಮ್ಮ ಯಾವತ್ತೂ ಹಾಗೆ ಮಾಡುತ್ತಿರಲಿಲ್ಲ. ನಾನೂ ಮಾಡುವುದಿಲ್ಲ.

ನಾಲ್ಕನೆಯ ತಿರುವಿನ ಕೆಳಗೆ ತೋಟದ ಕಡೆಯಿಂದ ಒಂದು ದಾರಿ ಬಂದು ಸೇರುತ್ತದೆ. ಅಲ್ಲಿಂದ ಬೈಕೊಂದು ಬರುತ್ತಿತ್ತು. ಗಂಡ, ಹೆಂಡತಿ, ನಡುವೆ ಮಗು. ನನಗೆ ಬಹಳ ದೂರದಿಂದಲೇ ಕಂಡಿತು. ಇವರು ನಿಧಾನ ಮಾಡುತ್ತಾರೆಂದು ಕಾದೆ. ಮಾಡಲಿಲ್ಲ.

"ಬೈಕು, ರೀ! ಬೈಕು!"

"ಎಲ್ಲಿ?"

ಎಲ್ಲಿ ಎಂದರು! ಕೈ ಚಾಚಿ ಸ್ಟಿಯರಿಂಗನ್ನು ಬಂಡೆಯ ಕಡೆ ಎಳೆದೆ, ಹ್ಯಾಂಡ್‌ಬ್ರೇಕ್ ಎತ್ತಿದೆ. ಗಾಡಿ ಅಡ್ಡಡ್ಡ ಜಾರಿ ಬಂಡೆಯ ಪಕ್ಕದ ಮಣ್ಣಿಗೆ ನುಗ್ಗಿ ನಿಂತಿತು. ಬೈಕು ನಮ್ಮ ಕಿಟಕಿಯ ಪಕ್ಕದಲ್ಲೇ ಹಾದುಹೋಯಿತು. ಆ ಹೆಂಗಸು ಮಗುವಿನ ತಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡದ್ದು ಕಂಡಿತು. ಇವರು ಇನ್ನೂ ಎದುರಿಗೇ ನೋಡುತ್ತಿದ್ದರು. "ಎಲ್ಲಿ ಬೈಕು? ಎಲ್ಲಿ?"

"ಇಳೀರಿ" ಎಂದೆ.

ಇಳಿದರು. ಹಿಂದೆ ಅಜ್ಜಿ ಅಳುತ್ತಿದ್ದರು, ಅಜ್ಜ ಇನ್ನೊಂದು ಗಾಡಿ ಕರೆಸಿ ಎಂದು ಕೂಗಾಡಿದರು. ನೀರು ಕೊಟ್ಟೆ. "ಇಳಿಯೋ ತನಕ ನಿಧಾನ ಹೋಗ್ತೀನಿ. ಹೆದರಿಕೆ ಆದ್ರೆ ಒಂದು ಮಾತು ಹೇಳಿ, ಅಲ್ಲೇ ನಿಲ್ಲಿಸ್ತೀನಿ" ಎಂದೆ. ಬೇರೆ ಗಾಡಿ ಬರುವಷ್ಟರಲ್ಲಿ ವಿಮಾನ ಹೋಗಿರುತ್ತದೆ ಎಂದು ಅವರಿಗೂ ಗೊತ್ತಿತ್ತು. ಒಪ್ಪಿದರು. ಇವರು ಪಕ್ಕದಲ್ಲಿ ಕೂತು ನಗರ ಮುಟ್ಟುವವರೆಗೂ ತಮ್ಮ ಕೈಗಳನ್ನೇ ನೋಡಿಕೊಂಡಿದ್ದರು.

 

ಮೇ 24

ಅಡುಗೆಮನೆಯ ಮೇಜಿನ ಮುಂದೆ ಇವರನ್ನು ಕೂರಿಸಿದೆ. ಪಕ್ಕದಲ್ಲಿ ನಿಂತು, ಕಿವಿಯ ನೇರಕ್ಕೆ ಕೈ ಹಿಡಿದು ಕೇಳಿದೆ: "ಎಷ್ಟು ಬೆರಳು?"

ಇವರು ತಲೆ ತಿರುಗಿಸದೆ, "ಕೈ ಎಲ್ಲಿದೆ?" ಎಂದರು.

ಅಷ್ಟು ಸಾಕಾಯಿತು.

ಕಣ್ಣಿನೊಳಗೆ ಒತ್ತಡ ಹೆಚ್ಚಾಗುವ ಕಾಯಿಲೆಯಂತೆ. ನೋವಿಲ್ಲ, ಸುಳಿವಿಲ್ಲ, ಬದಿಯಿಂದ ತಿಂದುಕೊಂಡು ಬರುತ್ತದೆ. ನೇರ ನೋಡಿದ್ದು ಕಾಣುತ್ತದೆ, ಪಕ್ಕದ್ದು ಇಲ್ಲ. ಕೊಳವೆಯಲ್ಲಿ ನೋಡಿದ ಹಾಗೆ ಎಂದರು. ಹೋದದ್ದು ವಾಪಸ್ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳುವುದಕ್ಕೆ ಜೀವನಪೂರ್ತಿ ಹನಿ ಹಾಕಿಕೊಳ್ಳಬೇಕು. ಇಲ್ಲಿನ ಔಷಧಿ ಅಂಗಡಿಯಲ್ಲಿ ತೆಗೆದುಕೊಂಡರೆ ಸಂಜೆಯೊಳಗೆ ರೆಸಾರ್ಟಿಗೆ ಸುದ್ದಿ ಮುಟ್ಟುತ್ತದೆ ಎಂದು ಗುಮ್ಮನ ಕೈಲಿ ನಗರದಿಂದ ತರಿಸುತ್ತಿದ್ದರು. ಸ್ನಾನದ ಮನೆಯ ಬಾಗಿಲು ಮುಚ್ಚಿಕೊಂಡು ಹನಿ ಹಾಕಿಕೊಳ್ಳುತ್ತಿದ್ದರು.

"ಮತ್ತೆ ಅವನು ಯಾರು?"

ಜನವರಿಯಲ್ಲಿ, ಅದೇ ತೋಟದ ದಾರಿ ಸೇರುವಲ್ಲಿ, ಇವರ ಗಾಡಿಯಲ್ಲಿ ಒಂದು ಸಂಸಾರ ಕೂತಿತ್ತಂತೆ. ಪಕ್ಕದಿಂದ ಬಂದ ಲಾರಿ ಇವರಿಗೆ ಕಾಣಲೇ ಇಲ್ಲ. ಲಾರಿಯವನು ಇವರಿಗೆ ಗುದ್ದುವುದನ್ನು ತಪ್ಪಿಸಲು ಮೋರಿಗೆ ಇಳಿಸಿಬಿಟ್ಟ. ಮಾಲೀಕ ಅವನನ್ನು ಕೆಲಸದಿಂದ ತೆಗೆದ. ಕೆಲವು ದಿನದ ಮೇಲೆ ಅವನು ಇವರನ್ನು ಹುಡುಕಿಕೊಂಡು ಬಂದ. ಹೊಡೆಯುವುದಕ್ಕೆ ಬಂದ ಎಂದುಕೊಂಡರಂತೆ.

"ಅವನು ಬಂದವನೇ, ಅಣ್ಣ, ನಮ್ಮಪ್ಪ ಹೀಗೇ ತಲೆ ಆಡಿಸ್ಕೊಂಡು ನಡೀತಿದ್ರು, ಬನ್ನಿ ಆಸ್ಪತ್ರೆಗೆ, ಅಂದ. ಅವನೇ ಕರ್ಕೊಂಡು ಹೋದ. ನಾನು ಸ್ಟಿಯರಿಂಗ್ ಮುಟ್ಟಲ್ಲ ಅಂತ ಮಾತು ಕೊಟ್ರೆ ಅವನು ಯಾರಿಗೂ ಹೇಳಲ್ಲ ಅಂತ ಆಯ್ತು."

"ಯಾರಿಗೂ ಅಂದ್ರೆ ನನಗೂನಾ?"

"ನಿನಗೆ ಹೇಳೋಣ ಅಂತಲೇ ಇದ್ದೆ."

"ಯಾವಾಗ?"

ಇವರು ಮೇಜಿನ ಅಂಚನ್ನು ಉಗುರಿನಿಂದ ಕೆರೆದರು.

"ಆ ಮಗೂನ ನೋಡಿದ್ರಾ ನಿನ್ನೆ?"

"ಕಾಣ್ಲಿಲ್ಲ" ಎಂದರು. ಆಮೇಲೆ ಅತ್ತರು. ನಾನು ಸಮಾಧಾನ ಮಾಡಲಿಲ್ಲ. ಎದ್ದು ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಮೇ 25

ಏನೂ ಬರೆಯಲು ಮನಸ್ಸಿಲ್ಲ.

ಮೇ 28

ಅನುಮಾನ ಪಟ್ಟದ್ದು ತಪ್ಪಲ್ಲ. ಮನೆಯಲ್ಲಿ ಸುಳ್ಳು ಇತ್ತು, ಇತ್ತೇ ಇತ್ತು. ಸುಳ್ಳು ಹೇಳಿದವರು ಹಾಸಿಗೆಯ ಮೇಲಿದ್ದರು, ನಾನು ಅಂಗಳದಲ್ಲಿ ಹುಡುಕಿದೆ. ತಂಗಿಗೆ ಹೇಳಿದೆ. "ಭಾವ ಹೇಗಿದ್ದಾರೆ?" ಎಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು.

ರೆಸಾರ್ಟಿಗೆ ಹೋಗಿ ಕೌಂಟರಿನ ಹುಡುಗಿಗೂ ಮ್ಯಾನೇಜರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಗೇಟಿನ ಕಂಬದ ಬಣ್ಣ ನಮ್ಮ ಗಾಡಿಗೆ ಹತ್ತಿದ್ದನ್ನು ಅವರಾಗಲೇ ನೋಡಿದ್ದರು. ಅಜ್ಜನೂ ಫೋನ್ ಮಾಡಿ ದೂರು ಹೇಳಿದ್ದರು. ಮ್ಯಾನೇಜರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಇನ್ಮೇಲೆ ಯಾರು ಓಡಿಸ್ತಾರೆ?"

"ನಾನು."

"ನೀವಾ?"

"ಆ ದಿನ ಅವರನ್ನ ಏರ್‌ಪೋರ್ಟಿಗೆ ಮುಟ್ಟಿಸಿದವಳು ನಾನೇ. ಅದನ್ನೂ ಅಜ್ಜ ಹೇಳಿರಬೇಕಲ್ಲ?"

ಹೇಳಿದ್ದರಂತೆ. ಒಂದು ತಿಂಗಳು ನೋಡುತ್ತೇವೆ ಎಂದರು. ನೋಡಲಿ.

ಜೂನ್ 4

ಅವನನ್ನು ಹುಡುಕಿಕೊಂಡು ಹೋದೆ. ಬಯಲಿನ ತರಕಾರಿ ಮಂಡಿಯ ಹಿಂದೆ, ಹೊಲಿಗೆ ಯಂತ್ರದ ಸದ್ದು ಕೇಳುವ ಮನೆ. ಹೆಂಡತಿ ಒಳಗೆ ಕರೆದು ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದಳು. ಅವನು ಬಾಗಿಲಲ್ಲಿ ನಿಂತ. ಅಲ್ಲಿಗೆ ಹೋಗುವವರೆಗೂ ಏನೇನೋ ಹೇಳಬೇಕೆಂದುಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ: "ನನಗೆ ಹೇಳ್ಬಹುದಿತ್ತಲ್ಲ ನೀವು!"

"ಅಣ್ಣನಿಗೆ ಮಾತು ಕೊಟ್ಟಿದ್ದೆ ಅಕ್ಕ."

"ನಿಮ್ಮ ಕಣ್ಣು ಹೋಗಿದೆ ಅಂತ ಕಳಿಸಿದೆ. ಆಗಲೂ ಹೇಳ್ಲಿಲ್ಲ."

"ಕೀ ಕೊಡ್ಬೇಡಿ ಅಂದ್ನಲ್ಲ. ಅಷ್ಟಾದ್ರೂ ಕೇಳ್ತೀರಿ ಅಂದ್ಕೊಂಡೆ."

ಕೇಳಲಿಲ್ಲ. ಕೇಳಿದ್ದರೆ ಆ ಬೈಕು, ಆ ಮಗು ಅಷ್ಟು ಹತ್ತಿರ ಬರುತ್ತಿರಲಿಲ್ಲ. ತಪ್ಪಾಯ್ತು ಎಂದೆ. ಹೇಳುವಾಗ ಅವನ ಹೆಂಡತಿಯ ಕಡೆ ನೋಡಿ ಹೇಳಿದೆ, ಅವನ ಕಡೆ ನೋಡಲು ಆಗಲಿಲ್ಲ.

ವಾಪಸ್ ಬನ್ನಿ ಎಂದು ಕರೆದೆ. ಅವನು ನಕ್ಕ. ಗುಮ್ಮನಗುಸುಕನಿಗೂ ಹಲ್ಲುಗಳಿವೆ.

"ಮಂಡಿಯಲ್ಲಿ ಲಾರಿ ಸಿಕ್ಕಿದೆ ಅಕ್ಕ. ಗಾಡಿ ನೀವೇ ಓಡಿಸ್ತೀರಲ್ಲ, ಮತ್ತೆ ನಾನ್ಯಾಕೆ?"

"ನಾನು ಓಡಿಸಿದ್ದು ನಿಮ್ಮ ಮೇಲೆ ಕಣ್ಣಿಡೋಕೆ" ಎಂದೆ.

"ಗೊತ್ತು. ಮೇಲಿನ ಏಳು ತಿರುವಲ್ಲಿ ಒಂದು ದಿನವೂ ನನ್ನ ಕಡೆ ನೋಡ್ಲಿಲ್ಲ ನೀವು."

ಇದಕ್ಕೆ ಏನರ್ಥ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಗೊತ್ತಾಗಲಿಲ್ಲ.

ಜೂನ್ 17

ಇವತ್ತಿನ ಅತಿಥಿ ಒಬ್ಬಳೇ ಹೆಂಗಸು, ನನ್ನ ವಯಸ್ಸಿನವಳು. ಗಾಡಿಯ ಸುತ್ತ ಒಂದು ಸುತ್ತು ಬಂದಳು. "ನೀವಾ ಡ್ರೈವರ್? ಎಷ್ಟು ವರ್ಷದಿಂದ?" ಎಂದು ಕೇಳಿದಳು. ನಂಬರ್ ಪ್ಲೇಟಿನ ಫೋಟೋ ತೆಗೆದು ಯಾರಿಗೋ ಕಳಿಸಿದಳು. ನನ್ನ ಲೈಸೆನ್ಸ್ ಕೇಳಿ ಅದರದ್ದೂ ತೆಗೆದಳು. ದಾರಿಯುದ್ದಕ್ಕೂ ಫೋನಿನ ನಕ್ಷೆಯಲ್ಲಿ ನಾನು ಸರಿಯಾಗಿ ಹೋಗುತ್ತಿದ್ದೇನೆಯೇ ಎಂದು ಒಂದು ಕಣ್ಣಿಟ್ಟಿದ್ದಳು. ಒಳ್ಳೆಯ ಹೆಂಗಸು. ಹಾಗೇ ಇರಬೇಕು.

ಜೂನ್ 23

ಇವರ ಜೊತೆ ಬೇಕಾದಷ್ಟೇ ಮಾತು. ಊಟ ಆಯ್ತಾ, ಹನಿ ಹಾಕಿದ್ರಾ. ಈಗ ಹನಿಯನ್ನು ನಾನೇ ಹಾಕುತ್ತೇನೆ. ಇವರು ಹಾಕಿಕೊಂಡರೆ ಅರ್ಧ ಕೆನ್ನೆಗೆ ಹೋಗುತ್ತದೆ. ರೆಪ್ಪೆ ಬಿಡಿಸಿ ಹಿಡಿದಾಗ ಆ ಕಣ್ಣು ನನ್ನನ್ನೇ ನೋಡುತ್ತಿರುತ್ತದೆ. ನೇರ ಎದುರಿಗೆ ಇದ್ದರೆ ನಾನು ಪೂರ್ತಿ ಕಾಣುತ್ತೇನಂತೆ. ಇವತ್ತು ಹೇಳಿದರು. ಪೂರ್ತಿ ಕಂಡಿದ್ದರೆ ಹೇಳುತ್ತಿದ್ದಿರಿ ಎಂದೆ.

ಮಧ್ಯಾಹ್ನ ರೆಸಾರ್ಟಿನಿಂದ ಫೋನು ಬಂದಾಗ ನಾನು ಗಾಡಿ ತೊಳೆಯುತ್ತಿದ್ದೆ. ಇವರೇ ತೆಗೆದರು. ಎಷ್ಟು ಜನ, ಎಷ್ಟು ಪೆಟ್ಟಿಗೆ, ಯಾವ ವಿಮಾನ, ಎಲ್ಲ ಸರಿಯಾಗಿ ಕೇಳಿಕೊಂಡು ಕಿಟಕಿಯಿಂದ ಕೂಗಿ ಹೇಳಿದರು. ಪೆಟ್ಟಿಗೆ ದೊಡ್ಡದೋ ಚಿಕ್ಕದೋ ಕೇಳಲಿಲ್ಲ. ಮುಂದಿನ ಸಲ ಕೇಳಿ ಎಂದೆ.

ಜುಲೈ 1

ಮ್ಯಾನೇಜರಿಗೆ ತೃಪ್ತಿಯಂತೆ. ಕೌಂಟರಿನ ಹುಡುಗಿ ಹೇಳಿದಳು.

ಜುಲೈ 8

ಇವತ್ತು ಬಾಡಿಗೆ ಇಲ್ಲ. ಇವರನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ.

ಹೋಗುವಾಗ ಪಕ್ಕದ ಸೀಟಿನಲ್ಲಿ ಕೂತು ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಪ್ರತಿ ತಿರುವಿನಲ್ಲೂ ಇವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ನಾಲ್ಕೈದು ತಿರುವು ಸಹಿಸಿಕೊಂಡೆ.

"ನನ್ನ ಮೇಲೆ ನಂಬಿಕೆ ಇಲ್ವಾ?"

"ನನಗೆ ಇದೆ ಕಣೇ. ಕಾಲಿಗೆ ಇನ್ನೂ ಬಂದಿಲ್ಲ."

ನಗಬಾರದೆಂದುಕೊಂಡರೂ ನಗು ಬಂತು. ಮೇ ತಿಂಗಳಿಂದ ಮೊದಲ ಸಲ ಇಬ್ಬರೂ ಒಟ್ಟಿಗೆ ನಕ್ಕೆವು. ಆಮೇಲೆ ಇಬ್ಬರಿಗೂ ಸಂಕೋಚವಾಗಿ ರಸ್ತೆ ನೋಡಿದೆವು.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಇದ್ದಷ್ಟೇ ಇದೆ, ಹೆಚ್ಚಾಗಿಲ್ಲ ಎಂದರು. ಗಾಡಿ ಓಡಿಸುವ ಮಾತೇ ಇಲ್ಲ ಎಂದೂ ಹೇಳಿದರು. ಇವರು ತಲೆಯಾಡಿಸಿ, "ಇವಳು ಓಡಿಸ್ತಾಳೆ" ಎಂದರು, ಡಾಕ್ಟರಿಗೆ ಅದು ಗೊತ್ತಿರಲೇಬೇಕಾದ ಸುದ್ದಿ ಎನ್ನುವ ಹಾಗೆ.

ವಾಪಸ್ ಬರುವಾಗ ಬೆಟ್ಟದ ಬುಡದಲ್ಲಿ ಟೀ ಕುಡಿದು ಹತ್ತತೊಡಗಿದೆವು. ಮೇಲೆ ಮಂಜು ಇಳಿಯುತ್ತಿತ್ತು. ಇವರು ಮೊದಲ ಎರಡು ತಿರುವಿನವರೆಗೆ ಏನೋ ಹೇಳುತ್ತಿದ್ದರು, ಆಮೇಲೆ ಮಾತು ನಿಂತಿತು. ಏನನ್ನಾದರೂ ಮುಚ್ಚಿಡುತ್ತಿದ್ದಾರಾ ಎಂದು ತಿರುಗಿ ನೋಡಿದೆ. ನಿದ್ದೆ ಹೋಗಿದ್ದರು. ಬಾಯಿ ಅರ್ಧ ತೆರೆದಿತ್ತು, ಕೈ ಹಿಡಿಯಿಂದ ಜಾರಿ ಮಡಿಲಲ್ಲಿ ಬಿದ್ದಿತ್ತು, ಕಾಲೂ ಸುಮ್ಮನಿತ್ತು. ತೋಟದ ದಾರಿ ಬಂದು ಸೇರುವಲ್ಲಿ ಗಾಡಿ ಪೂರ್ತಿ ನಿಲ್ಲಿಸಿ, ಎರಡೂ ಕಡೆ ನೋಡಿ, ಮೆಲ್ಲಗೆ ಮುಂದೆ ಬಿಟ್ಟೆ.

ಹಿಂದಿನ ಗಾಡಿಯವನು ಒಂದೇ ಸಮನೆ ಹಾರನ್ ಬಾರಿಸತೊಡಗಿದ. ಇನ್ನೊಂದು ದಿನವಾಗಿದ್ದರೆ ಇಳಿದು ನಾಲ್ಕು ಮಾತು ಕೇಳುತ್ತಿದ್ದೆ. ಇವರು ಎದ್ದುಬಿಟ್ಟಾರು ಎಂದು ಗಾಡಿಯನ್ನು ಅಂಚಿಗೆ ತೆಗೆದೆ, ಕಿಟಕಿಯಿಂದ ಕೈ ಹೊರಗೆ ಹಾಕಿ, ಹೋಗಪ್ಪಾ ಹೋಗು ಎಂದು ದಾರಿ ಬಿಟ್ಟೆ.